ನಡುವೆ ಕೂತವರು

"ಹಂಗಾದ್ರ ನಾ ಇಷ್ಟು ದಿನ ಬರ್ದಿದ್ದು ಯಾರಿಗೆ, ಮೇಡಂ?"

ಸಾಗರನ ಪ್ರಶ್ನೆಗೆ ಸಬ್ ಇನ್‌ಸ್ಪೆಕ್ಟರ್ ಚಂದ್ರಕಲಾ ಮೇಜಿನತ್ತ ಕೈ ತೋರಿಸಿದಳು. ಹೊಸಪೇಟೆ ಠಾಣೆಯ ಆ ಸಣ್ಣ ಕೋಣೆಯಲ್ಲಿ, ಮೇಜಿನ ಮೇಲೆ, ಎರಡು ಪರದೆಗಳು ಹೊಳೆಯುತ್ತಿದ್ದವು. ಒಂದು ಸಾಗರನ ಮೊಬೈಲು. ಇನ್ನೊಂದು, ಅವನು ಮದುವೆಯಾಗಬೇಕಿದ್ದ ಯಶೋಧರಾ ಮನೆಯಲ್ಲಿ ಬಿಟ್ಟುಹೋದ, ಅವಳ ಮೆಸೇಜುಗಳು ತೆರೆದುಕೊಂಡಿದ್ದ ಲ್ಯಾಪ್‌ಟಾಪು.

'ಕಂಪ್ಲಿಗೆ ಬಾ, ಹೊಳೆ ಹತ್ತಿರ ಕಾಯ್ತಿರ್ತೀನಿ' ಎಂಬ ಸಾಗರನ ಮೆಸೇಜು ನೋಡಿ ನಿನ್ನೆ ಬೆಳಿಗ್ಗೆ ಮನೆ ಬಿಟ್ಟ ಯಶೋಧರಾ ಇನ್ನೂ ಮರಳಿರಲಿಲ್ಲ. ಅವಳ ಫೋನು ಸತ್ತಿತ್ತು. ಸಂಜೆಯೊಳಗೆ ಅವಳು ಸಿಗದಿದ್ದರೆ ಸಾಗರನ ಮೇಲೆ ಅಪಹರಣದ ಕೇಸು ಬೀಳುವುದು ಖಚಿತವಾಗಿತ್ತು.

ಆದರೆ ಆ ಮೆಸೇಜು ಸಾಗರನ ಫೋನಿನಲ್ಲಿ ಇರಲೇ ಇಲ್ಲ. ಅಳಿಸಿದ್ದಾನೆ ಎಂದೇ ಎಲ್ಲರೂ ತಿಳಿದಿದ್ದರು. ಯಶೋಧರಾಳ ತಂದೆ ಸುಂಕಪ್ಪ ಈಗಷ್ಟೇ ಬಂದು, ಮಗಳ ನಂಬರನ್ನು ಬಾಯಿಪಾಠವಾಗಿ ಹೇಳುವ ತನಕ.

ಸಾಗರನ ಫೋನಿನಲ್ಲಿ 'ಯಶು' ಎಂಬ ಹೆಸರಿನ ಕೆಳಗಿದ್ದದ್ದು ಆ ನಂಬರಲ್ಲ. ಲ್ಯಾಪ್‌ಟಾಪಿನಲ್ಲಿ 'ಸಾಗರ್' ಎಂದಿದ್ದದ್ದೂ ಸಾಗರನ ನಂಬರಲ್ಲ. ಹೆಸರು ಅದೇ, ಫೋಟೋ ಅದೇ. ಇಬ್ಬರ ನಿಜವಾದ ನಂಬರುಗಳನ್ನೂ ಪರಸ್ಪರರ ಫೋನಿನಲ್ಲಿ ಯಾರೋ ಬ್ಲಾಕ್ ಮಾಡಿದ್ದರು.

"ನಡುವ ಯಾರೋ ಕುಂತಾರ್ರಿ," ಹೆಡ್ ಕಾನ್‌ಸ್ಟೆಬಲ್ ಹುಲುಗೇಶ್ ಹೇಳಿ ಸಾಗರನ ಕಡೆ ತಿರುಗಿದ. "ನೀ ಆಕಿಗೆ ಬರ್ದಿ ಅಂತ ತಿಳ್ಕೊಂಡಿ. ಅದು ನಡುವಿನವರ ಕೈಗೆ ಹೋತು. ಅವ್ರು ಓದಿ, ಬ್ಯಾರೆ ಬರ್ದು, ನಿನ್ನ ಹೆಸರೀಲೆ ಆಕಿಗೆ ಕಳಿಸ್ಯಾರ. ಆಕೀದೂ ಹಂಗ."

"ಹಳೇ ಮೆಸೇಜೆಲ್ಲ ಒಮ್ಮೆ ಅಳಿಸಿಹೋಗಿದ್ವು," ಸಾಗರ ತೊದಲಿದ. "ಫೋನ್ ಕೆಟ್ಟೈತಿ ಅಂದ್ಕೊಂಡೆ."

"ಒಂದು ಸಲನೂ ಫೋನ್ ಹಚ್ಚಿ ಮಾತಾಡಿಲ್ಲೇನು?" ಚಂದ್ರಕಲಾ ಕೇಳಿದಳು.

"ಅಪ್ಪ ಮನ್ಯಾಗ ಇರ್ತಾನ, ಫೋನ್ ಮಾಡಬ್ಯಾಡ ಅಂತ ಬರ್ದಿದ್ಲು." ಅವನು ನಾಲಿಗೆ ಕಚ್ಚಿಕೊಂಡ. "ಅಂದ್ರ, ಆಕಿ ಅಲ್ಲ. ಯಾರು ಬರ್ದ್ರೋ ಅವ್ರು."

ಗೋಡೆಗೆ ಒರಗಿ ನಿಂತಿದ್ದ ಸುಂಕಪ್ಪ ತಲೆ ತಗ್ಗಿಸಿದರು. ಕಾಲುವೆ ಇಲಾಖೆಯಲ್ಲಿ ನೀರು ಬಿಡುವ ಕೆಲಸ ಮಾಡಿ ನಿವೃತ್ತರಾದವರು. ಮದುವೆಗೆ ಒಪ್ಪಿದ್ದರು, ಆದರೆ ಒಂದು ಷರತ್ತು ಹಾಕಿದ್ದರು: ಮಗಳ ಪರೀಕ್ಷೆ ಮುಗಿಯುವ ತನಕ ಇಬ್ಬರೂ ಭೇಟಿಯಾಗಬಾರದು. ಬೇಕಿದ್ದರೆ ಮೊಬೈಲಿನಲ್ಲಿ ಬರೆದುಕೊಳ್ಳಲಿ.

"ಬಾಗಲಾ ನಾನ ತೆಗೆದಿಟ್ಟಂಗಾತು," ಎಂದರು.

ಚಂದ್ರಕಲಾ ಎರಡೂ ಪರದೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಮೊದಲಿನಿಂದ ಓದತೊಡಗಿದಳು.

ಸಾಗರ ಸಂಡೂರಿನ ಕಬ್ಬಿಣದ ಗಣಿಯಲ್ಲಿ ಸರ್ವೇ ಕೆಲಸದವನು. ಒಂದು ಸಂಜೆ ಬರೆದಿದ್ದ: 'ಯಶು, ಇವತ್ತು ಎಷ್ಟು ತೊಳೆದರೂ ಕೈಯ ಕೆಂಪು ಹೋಗಲಿಲ್ಲ. ನಾಳೆ ನೀನು ಹಿಡಿದರೆ ನಿನಗೂ ಹತ್ತುತ್ತೆ, ನೋಡ್ಕೋ.'

ಅದೇ ಸಂಜೆ ಯಶೋಧರಾಳ ಪರದೆಗೆ ಮುಟ್ಟಿದ್ದು: 'ಕೆಲಸ ಜಾಸ್ತಿ ಇದೆ. ಆಮೇಲೆ.'

ಯಶೋಧರಾ ಬರೆದಿದ್ದಳು: 'ಓದು ತಲೆಗೆ ಹತ್ತುತ್ತಿಲ್ಲ. ಒಂದೇ ಒಂದು ಮಾತು ಬರಿ, ಸಾಕು.'

ಬಂದ ಉತ್ತರ: 'ಆಫೀಸಿನಲ್ಲಿ ಹೊಸದಾಗಿ ಒಬ್ಬಳು ಬಂದಿದ್ದಾಳೆ. ಅವಳು ನಿನ್ನ ಹಾಗೆ ತಲೆ ತಿನ್ನುವುದಿಲ್ಲ.'

ಚಂದ್ರಕಲಾ ಸಾಗರನ ಫೋನಿನ ಕಡೆ ನೋಡಿದಳು. ಕೈಯ ಕೆಂಪಿನ ಮಾತಿಗೆ ಅಲ್ಲಿ 'ಯಶು' ಹೀಗೆ ಉತ್ತರಿಸಿದ್ದಳು: 'ಹತ್ತಲಿ. ತೊಳೆಯುವುದಿಲ್ಲ.'

ಚಂದ್ರಕಲಾಳ ಓದು ಅಲ್ಲೇ ನಿಂತಿತು. ಆ ಎರಡು ಪದಗಳನ್ನು ಮತ್ತೆ ಓದಿದಳು. ಅವಳಿಗೆ ಮದುವೆಯಾಗಿ ವರ್ಷಗಳಾಗಿದ್ದವು. ಗಂಡನ ಮೆಸೇಜುಗಳು ಹಾಲಿನ ಪಾಕೀಟು, ಗ್ಯಾಸ್ ಸಿಲಿಂಡರುಗಳ ಆಚೆ ಹೋಗುತ್ತಿರಲಿಲ್ಲ. ಯಾರೋ ಸುಳ್ಳಾಗಿ ಬರೆದ ಎರಡು ಪದಕ್ಕೆ ತನ್ನ ಎದೆಯಲ್ಲಿ ಹೊಟ್ಟೆಕಿಚ್ಚು ಸಣ್ಣಗೆ ಆಡಿದ್ದನ್ನು ಅವಳು ಗಮನಿಸಿದಳು. ನಾಚಿಕೆಯಾಯಿತು. ಆದರೆ ಆ ಕಿಚ್ಚೇ ಒಂದು ದಾರಿ ತೋರಿಸಿತು.

"ಹುಲುಗೇಶ್, ಇಬ್ಬರನ್ನ ಅಗಲಿಸಬೇಕು ಅನ್ನೋರು ಏನ್ ಮಾಡ್ತಾರ?"

"ಎರಡೂ ಕಡಿ ವಿಷ ಹಾಕ್ತಾರ್ರಿ."

"ಇಲ್ಲಿ ಒಂದ ಕಡಿಗೆ ವಿಷ ಐತಿ. ಇನ್ನೊಂದು ಕಡಿಗೆ ಜೇನು. ಸಾಗರನ ಫೋನಿನ್ಯಾಗ ಜಗಳ ಇಲ್ಲ, ಸಿಟ್ಟಿಲ್ಲ. ದಿನಾ ದಿನಾ ಪ್ರೀತಿ ಹೆಚ್ಚಾಗೈತಿ."

"ಅಂದ್ರ?"

"ಕೂತವರು ಒಬ್ಬರಲ್ಲ, ಇಬ್ಬರು. ಒಬ್ಬರಿಗೆ ಸಾಗರನ ಕಂಡ್ರ ಆಗಲ್ಲ. ಇನ್ನೊಬ್ಬರಿಗೆ ಸಾಗರ ಬೇಕು."

ಸಾಗರನ ಮುಖ ಬಿಳುಚಿತು.

ಹುಲುಗೇಶ್ ಅವಳನ್ನು ಬಾಗಿಲ ಹೊರಗೆ ಕರೆದು ಪಿಸುಗುಟ್ಟಿದ. "ಮೇಡಮ್ರ, ಮುದುಕನ ಮ್ಯಾಲ ನನಗ ಅನುಮಾನ. ಮಗಳ ಫೋನು ಕೈಗೆ ಸಿಗೋದು ಅವಗ. ಮದುವಿ ಮನಸ್ಸಿಲ್ದನ ಒಪ್ಪಿರಬೇಕು."

"ಸಾಗರನ ಫೋನು ಅವ್ರ ಕೈಗೆ ಎಲ್ಲಿ ಸಿಗಬೇಕು? ಬಾ, ಒಂದು ಕೇಳ್ತೀನಿ."

ಒಳಗೆ ಬಂದು ಅವಳು ಸಾಗರನ ಫೋನಿನ ಒಂದು ಮೆಸೇಜನ್ನು ಗಟ್ಟಿಯಾಗಿ ಓದಿದಳು. 'ನಾಳೆ ಅಮಾವಾಸ್ಯೆ. ಘಾಟಿಯಲ್ಲಿ ಬೈಕ್ ಹೊಡೆಯಬೇಡ. ಹೋಗಲೇಬೇಕಂದ್ರೆ ಗಾಡಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟು. ನನ್ನಾಣೆ.'

ಸುಂಕಪ್ಪ ತಲೆ ಎತ್ತಿದರು. ಆ ಸಂಕಟದಲ್ಲೂ ಅವರ ತುಟಿಯಲ್ಲಿ ನಗೆಯೊಂದು ಸುಳಿಯಿತು.

"ಇದನ್ನ ನಮ್ಮ ಯಶೋಧರಾ ಬರ್ದಾಳಂತೇನ್ರಿ? ನಾವು ಬುದ್ಧನ ದಾರಿ ಹಿಡ್ದವ್ರು. ದೊಡ್ಡ ಮಗಳ ಮದುವಿ ಅಮಾಸಿ ದಿನಾನ ಮಾಡಿದ್ವಿ. ಮಂದಿ ಬೈದ್ರು. ಛತ್ರ ಮಾತ್ರ ಕೇಳಿದ ಕೂಡ್ಲೆ ಸಿಕ್ತು. ಯಶೋಧರಾ ಗಾಡ್ಯಾಗ ನಿಂಬಿಹಣ್ಣು ಕಂಡ್ರ ಕಿತ್ತು ಪಾನಕ ಮಾಡಿ ಕುಡಿಯೋಳು."

"ನೀನು ಕಟ್ಟಿದ್ಯೇನು?" ಚಂದ್ರಕಲಾ ಸಾಗರನನ್ನು ಕೇಳಿದಳು.

"ಕಟ್ಟಿದ್ದೆ. ಆಕಿ ಹೇಳಿದ್ಲು ಅಂತ." ಅವನು ಎರಡೂ ಅಂಗೈಗಳನ್ನು ನೋಡಿಕೊಂಡ. "ಆಕಿ ಹಂಗ ಹೇಳೋಳಲ್ಲ ಅಂತ ನನಗ ಹೊಳೀಬೇಕಿತ್ತು. ಭಾಳ ಖುಷಿಯಾಗಿತ್ತು ಮೇಡಂ. ಹೊಳೀಲಿಲ್ಲ."

ಅಮಾವಾಸ್ಯೆಗೆ ಗಾಡಿಗೆ ನಿಂಬೆಹಣ್ಣು ಕಟ್ಟದೆ ಯಾರೂ ಹೊರಡದ ಮನೆಯಲ್ಲಿ ಬೆಳೆದವರು ಮಾತ್ರ ಹಾಗೆ ಬರೆಯಬಲ್ಲರು. ಯೋಚಿಸಿ ಬರೆದದ್ದಲ್ಲ ಅದು. ನಿಜವಾದ ಭಯದಲ್ಲಿ, ತಾನು ಯಾರ ವೇಷ ಹಾಕಿದ್ದೇನೆ ಎಂಬುದನ್ನೇ ಮರೆತು ಬರೆದದ್ದು.

"ನಿಮ್ಮಿಬ್ಬರ ಫೋನೂ ಒಟ್ಟಿಗೆ ಯಾರ ಕೈಯಾಗಾದ್ರೂ ಇತ್ತೇನು? ಲಾಕ್ ತೆಗೆದು?"

ಸಾಗರ ಕಣ್ಣು ಮುಚ್ಚಿ ನೆನಪಿಸಿಕೊಂಡ.

"ಹಂಪಿಗೆ ಹೋದಾಗ. ಷರತ್ತು ಹಾಕೋದಕ್ಕ ಮೊದಲು. ನಾವಿಬ್ರೂ ಹರಿಗೋಲು ಹತ್ತಿದ್ವಿ. ದಂಡಿ ಮ್ಯಾಲಿಂದ ಫೋಟೋ ತೆಗೀರಿ ಅಂತ ಎರಡೂ ಫೋನ್ ಲಾಕ್ ತೆಗೆದು ಕೊಟ್ಟಿದ್ವಿ. ಮುರುಗೇಶಗ, ಅವನ ತಂಗಿ ಗಂಗಾಂಬಿಕಾಗ. ಅವ್ರು ನೀರಿಗೆ ಹೆದ್ರಿ ಹತ್ತಲಿಲ್ಲ."

"ಯಾವ ಊರು?"

"ಕಂಪ್ಲಿ. ಚನ್ನಯ್ಯನವರ ರೈಸ್ ಮಿಲ್ಲಿನ ಮಕ್ಳು. ಯಶೋಧರಾನ ಕಾಲೇಜ್ ಗೆಳೆಯರು, ನನಗೂ ಹಳೇ ಪರಿಚಯ."

ಹುಲುಗೇಶ್ ಆಗಲೇ ಜೀಪಿನ ಕೀಲಿ ತೆಗೆದುಕೊಂಡಿದ್ದ.

*

ಕಮಲಾಪುರ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬ ತೇಕುತ್ತ ಸಾಗುತ್ತಿದ್ದವು. ಸಾಗರನ ಫೋನು ಚಂದ್ರಕಲಾಳ ಚೀಲದಲ್ಲಿತ್ತು. ಅವನು ಠಾಣೆಯಲ್ಲಿರುವ ಸುದ್ದಿ ಹೊರಗೆ ಹೋಗದಂತೆ ನೋಡಿಕೊಂಡಿದ್ದಳು. ಬರೆಯುವ ಕೈ ಇನ್ನೂ ಬರೆಯಲಿ ಎಂಬುದು ಅವಳ ಲೆಕ್ಕ.

ಮಿಲ್ಲಿನ ಅಂಗಳದಲ್ಲಿ ನಿಂತ ಲಾರಿಗಳ ಮೂತಿಗೆಲ್ಲ ಒಣಗಿದ ನಿಂಬೆಹಣ್ಣು, ಮೆಣಸಿನಕಾಯಿ. ಹುಲುಗೇಶ್ ಅದನ್ನು ನೋಡಿ ಮೀಸೆಯಲ್ಲೇ ನಕ್ಕ.

ತೌಡಿನ ಧೂಳಿನ ನಡುವಿನಿಂದ ಚನ್ನಯ್ಯ ಬಂದರು. ಹಣೆಯ ತುಂಬ ವಿಭೂತಿ.

"ಬರ್ರಿ ಬರ್ರಿ, ಕುಂದ್ರಿ. ಪೊಲೀಸ್ನೋರು ಮಿಲ್ಲಿಗೆ ಬಂದ್ರ ಹಮಾಲರು ಹೆದ್ರತಾರ, ನಾ ಹೆದ್ರಂಗಿಲ್ಲ ನೋಡ್ರಿ. ಒಗ್ಗರಣಿ ಮಿರ್ಚಿ ತರಸ್ತೀನಿ."

"ಬ್ಯಾಡ್ರಿ. ಮುರುಗೇಶ್ ಅವ್ರನ್ನ ನೋಡಬೇಕಿತ್ತು. ನಿಮ್ಮ ಮಗಳನ್ನೂ."

"ಮಗ ಹಿಂದ ಗೋಡೌನ್ಯಾಗ ಅದಾನ. ಮಗಳು ನಿಮ್ಮೂರಾಗ ಅದಾಳಲ್ರಿ. ಗೆಳತಿ ಮನಿಗೆ ಓದಾಕಂತ ನಿನ್ನಿ ಮುಂಜಾನಿ ಹೋದ್ಲು."

"ಯಾವ ಗೆಳತಿ?"

"ಅದ, ಕಾಲುವಿ ಸುಂಕಪ್ಪನ ಮಗಳು. ಯಶೋಧರಾ."

ಮಿಲ್ಲಿನ ಬೆಲ್ಟು ಒಂದೇ ಸಮನೆ ತಿರುಗುತ್ತಿತ್ತು. ಚಂದ್ರಕಲಾ ಹುಲುಗೇಶನ ಮುಖ ನೋಡಲಿಲ್ಲ. ನೋಡಿದ್ದರೆ ತನ್ನ ಮುಖ ಚನ್ನಯ್ಯನವರಿಗೆ ತಿಳಿದುಬಿಡುತ್ತಿತ್ತು. ಅವರನ್ನು ಮಾತಿನಲ್ಲಿ ಹಿಡಿದಿಡುವಂತೆ ಹುಲುಗೇಶನಿಗೆ ಕೈಸನ್ನೆಯಲ್ಲೇ ಸೂಚಿಸಿ ಅವಳೊಬ್ಬಳೇ ಹಿಂದಕ್ಕೆ ನಡೆದಳು.

ಗೋಡೌನಿನಲ್ಲಿ ಮುರುಗೇಶ್ ಚೀಲಗಳ ಮೇಲೆ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ನಿದ್ದೆಗೆಟ್ಟ ಕಣ್ಣು.

"ಯಶೋಧರಾ ಸಿಕ್ಕಳೇನ್ರಿ?" ಅವಳು ಬಾಯಿ ತೆರೆಯುವ ಮೊದಲೇ ಕೇಳಿದ.

"ಕಳೆದಾಳಂತ ನಿಮಗ ಯಾರು ಹೇಳಿದ್ರು?"

"ಊರಾಗ ಮಾತಾಡ್ತಾರ."

"ನಿಮ್ಮ ಅಪ್ಪಗ ಗೊತ್ತಿಲ್ಲ. ಊರಿಗೆ ಗೊತ್ತೈತೇನು?"

ಅವನು ಚೀಲದ ಹೊಲಿಗೆಯ ದಾರವನ್ನು ಎಳೆಯತೊಡಗಿದ.

ಚಂದ್ರಕಲಾ ಇನ್ನೊಂದು ಚೀಲದ ಮೇಲೆ ಕೂತಳು. ಲ್ಯಾಪ್‌ಟಾಪಿನಿಂದ ತನ್ನ ಫೋನಿಗೆ ಇಳಿಸಿಕೊಂಡದ್ದನ್ನು ತೆರೆದು ಓದಿದಳು. "'ಯಶೋಧರಾ, ಬೇಜಾರಾಗಿದೀಯಾ? ಸಾಗರ ಎಂಥವನು ಅಂತ ನನಗೆ ಮೊದಲಿಂದ ಗೊತ್ತು. ನಾನಿದ್ದೀನಿ.' ಇದು ನಿಮ್ಮದ ಅಲ್ಲೇನು?"

"ಹೌದು. ಗೆಳತಿ. ಸಮಾಧಾನ ಮಾಡಿದ್ದು ತಪ್ಪೇನು?"

"ತಪ್ಪಲ್ಲ. ಬೇಜಾರಾಗೈತಿ ಅಂತ ನಿಮಗ ಹೆಂಗ ಗೊತ್ತಾತು?"

"ಆಕಿ ಹೇಳಿದ್ಲು."

"ಎಲ್ಲಿ? ಇಲ್ಲಿ ಆಕಿ ಏನೂ ಹೇಳಿಲ್ಲ. ಸಾಗರನ ಹೆಸರೀಲೆ ಆಕಿಗೊಂದು ಕೆಟ್ಟ ಮಾತು ಬರ್ತೈತಿ. ಅದರ ಬೆನ್ನಿಗೆ ನಿಮ್ಮ ಸಮಾಧಾನ ಬರ್ತೈತಿ. ಮತ್ತ ಕೆಟ್ಟ ಮಾತು, ಮತ್ತ ಸಮಾಧಾನ. ಚಿವುಟೋದೂ ನೀವ, ತೊಟ್ಟಿಲು ತೂಗೋದೂ ನೀವ."

ಮುರುಗೇಶ್ ಸುಮ್ಮನಾದ. ಅವಳೂ ಸುಮ್ಮನೆ ಕೂತಳು. ಇಂಥ ಮೌನವನ್ನು ಮುರಿಯಬಾರದು ಎಂದು ಅವಳಿಗೆ ಗೊತ್ತಿತ್ತು. ಪ್ರಶ್ನೆ ಕೇಳಿದರೆ ಮನುಷ್ಯ ಉತ್ತರ ಹುಡುಕುತ್ತಾನೆ. ಸುಮ್ಮನೆ ಬಿಟ್ಟರೆ ತನ್ನನ್ನೇ ಹುಡುಕಿಕೊಳ್ಳುತ್ತಾನೆ. ಹೊರಗೆ ಹಮಾಲರು ಏನಕ್ಕೋ ನಕ್ಕರು. ತೊಲೆಯ ಮೇಲಿನ ಪಾರಿವಾಳವೊಂದು ರೆಕ್ಕೆ ಬಡಿದು ಕೂತಿತು.

"ನಾನ ಮೊದಲು ನೋಡಿದ್ದು ಆಕೀನ," ಕೊನೆಗೆ ಅವನೆಂದ. "ಸಾಗರ ಯಾರು ಅಂತ ಆಕಿಗೆ ಗೊತ್ತೂ ಇರಲಿಲ್ಲ. ನಾನ ಕರ್ಕೊಂಡು ಹೋಗಿ ಪರಿಚಯ ಮಾಡ್ಸಿದೆ. ನನ್ನ ಬೈಕಿನ ಮ್ಯಾಲ! ಆಮ್ಯಾಲ ಆಕಿ ನನ್ನ ಜೋಡಿ ಮಾತಾಡಾಕ ಕುಂತ್ರೂ ಅವನ ಸುದ್ದಿನ. ಅವ ಹಂಗಂದ, ಅವ ಹಿಂಗಂದ."

"ಅದಕ್ಕ ನಂಬರ್ ಬದಲ್ ಮಾಡಿದಿ."

"ಹರಿಗೋಲು ನಡುನೀರಿನ್ಯಾಗ ತಿರುಗ್ತಿತ್ತು. ಇಬ್ರೂ ಒಬ್ಬರನ್ನೊಬ್ಬರು ಹಿಡ್ಕೊಂಡು ನಗ್ತಿದ್ರು. ಫೋಟೋ ತೆಗಿ ಅಂತ ನನಗ ಕೈ ಮಾಡಿದ್ರು." ಅವನ ದವಡೆ ಬಿಗಿಯಿತು. "ತೆಗೆದೆ. ತೆಗೆದು, ಅದ ಫೋನ್ಯಾಗ ಆ ಕೆಲಸ ಮಾಡಿದೆ. ಒಂದು ಫೋನು ನಾನು. ಇನ್ನೊಂದು ಗಂಗಾ. ಯಾರಿಗೂ ಗೊತ್ತಿಲ್ಲದ ಮಿಲ್ಲಿನ ಎರಡು ನಂಬರ್ ಇದ್ವು, ಅವನ್ನ ಹಾಕಿದ್ವಿ."

"ಗಂಗಾಗ ಯಾಕ?"

"ಆಕಿಗೂ ನನ್ನ ರೋಗಾನ ಇತ್ತಲ್ರಿ. ನನಗ ಯಶೋಧರಾ, ಆಕಿಗೆ ಸಾಗರ."

ಮೊದಮೊದಲು ಅಣ್ಣ ತಂಗಿ ಸಂಜೆ ಮಾಳಿಗೆ ಹತ್ತುತ್ತಿದ್ದರಂತೆ. ಅಕ್ಕಪಕ್ಕ ಕೂತು, ಬಂದದ್ದನ್ನೆಲ್ಲ ಓದಿ, ನಕ್ಕು, ಏನು ಕಳಿಸಬೇಕೆಂದು ಮಾತಾಡಿಕೊಳ್ಳುತ್ತಿದ್ದರಂತೆ. ಎರಡು ಕಡೆಗೂ ಜಗಳ ಹಚ್ಚುವುದು ಎಂದೇ ಮಾತಾಗಿತ್ತು.

"ಆಮ್ಯಾಲ ಗಂಗಾ ತನ್ನ ಫೋನು ನನಗ ತೋರ್ಸೋದ ಬಿಟ್ಲು," ಮುರುಗೇಶ್ ಹೇಳಿದ. "ಊಟಕ್ಕ ಕರದ್ರೂ ಬರ್ತಿದ್ದಿಲ್ಲ. ಒಂದು ಸಲ ಕಸ್ಕೊಂಡು ನೋಡಿದೆ. ಜಗಳ ಇಲ್ಲ, ಏನಿಲ್ಲ. ಲೇ, ಏನ್ ಹಚ್ಚೀದಿ ಇದು, ಅಂದೆ. ಆಕಿ ಏನಂದ್ಲು ಗೊತ್ತೇನ್ರಿ? ಇವೆಲ್ಲ ಅವ ನನಗ ಬರ್ದಿದ್ದು, ಅಂದ್ಲು."

"ಯಶೋಧರಾಗ ಅಲ್ಲೇನು?"

"ಅದನ್ನ ನಾನೂ ಕೇಳಿದೆ. ಆ ಹೆಸರು ಎತ್ತಬ್ಯಾಡ ಅಂತ ಕೈಗೆ ಸಿಕ್ಕ ಚೊಂಬು ಬೀಸಿ ಒಗದ್ಲು." ಅವನು ಹುಬ್ಬಿನ ಮೇಲಿನ ಗಾಯ ತೋರಿಸಿದ. "ಅವ ಬರೆಯೋದು ಆಕಿಗೆ. ಕರೆಯೋದು ಮಾತ್ರ ಯಶು ಅಂತ. ಅದು ಆಕಿಗೆ ತಡಕೊಳ್ಳಾಕ ಆಗ್ತಿದ್ದಿಲ್ಲ."

ಚಂದ್ರಕಲಾಳಿಗೆ ಆ ಎರಡು ಪದ ನೆನಪಾದವು. ಹತ್ತಲಿ, ತೊಳೆಯುವುದಿಲ್ಲ. ಬೆಳಿಗ್ಗೆ ಅವು ಎದೆಗೆ ತಾಗಿದ್ದು ಯಾಕೆಂದು ಈಗ ತಿಳಿಯಿತು. ಅವು ಸುಳ್ಳಾಗಿರಲಿಲ್ಲ.

"ನಿನ್ನಿ ಯಶೋಧರಾನ ಕಂಪ್ಲಿಗೆ ಕರೆದ ಮೆಸೇಜು ನಿನ್ನ ನಂಬರಿನಿಂದ ಹೋಗೈತಿ, ಮುರುಗೇಶ. ಸಾಗರನ ವೇಷದ ನಂಬರು ನಿಂದು."

ಅವನು ಥಟ್ಟನೆ ಎದ್ದು ನಿಂತ. "ಅವ್ವನಾಣಿ ನಾ ಕರದಿಲ್ರಿ! ಆಕಿ ಇಲ್ಲಿಗೆ ಬಂದ್ರ ಎಲ್ಲಾ ಬಯಲಾಕ್ಕೈತಿ ಅಂತ ನನಗ ಗೊತ್ತಿಲ್ಲೇನು? ಆಕಿ ಬ್ಯಾಸತ್ತು ಅವನ್ನ ಬಿಡಲಿ, ತಾನಾಗಿ ನನ್ನ ಕಡಿ ಬರಲಿ ಅಂತಿದ್ದೆ, ಅಷ್ಟ."

"ಆ ಫೋನು ಎಲ್ಲಿ?"

"ಮೊನ್ನಿಯಿಂದ ಕಾಣವಲ್ದು. ನನ್ನ ಕಪಾಟಿನ್ಯಾಗ ಇತ್ತು." ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. "ಕೀಲಿ ಎಲ್ಲಿರ್ತೈತಿ ಅನ್ನೋದು ಗಂಗಾಗ ಗೊತ್ತು."

ಈಗ ಎರಡು ಕಡೆಗೂ ನಡುವೆ ಕೂತದ್ದು ಅವಳೊಬ್ಬಳೇ. ಯಶೋಧರಾಳಿಗೆ ಅವಳು ಸಾಗರ. ಸಾಗರನಿಗೆ ಅವಳು ಯಶೋಧರಾ.

"ನಿನ್ನಿ ಯಶೋಧರಾ ಹೊಳಿಗೆ ಬಂದ್ರ ಅಲ್ಲಿ ಕಾಯ್ತಿದ್ದದ್ದು ನಿನ್ನ ತಂಗಿ," ಚಂದ್ರಕಲಾ ನಿಧಾನವಾಗಿ ಹೇಳಿದಳು. "ರಾತ್ರಿಯಿಡೀ ನಿದ್ದಿಗೆಟ್ಟು ಕುಂತೀದಿ. ಇಷ್ಟು ತಿಳೀಲಿಲ್ಲೇನು ನಿನಗ? ತಿಳಿದೂ ಸುಮ್ಮನಿದ್ದೀಯೇನು?"

"ಆಕಿ ನನ್ನ ತಂಗಿರಿ."

"ಯಶೋಧರಾ ಯಾರು ಹಂಗಾದ್ರ?"

ಅವನು ಚೀಲಗಳ ನಡುವೆ ಕುಸಿದು ಕೂತ. ಅಳಲಿಲ್ಲ.

ಆಗ ಚಂದ್ರಕಲಾಳ ಚೀಲದಲ್ಲಿ ಸಾಗರನ ಫೋನು ಸದ್ದು ಮಾಡಿತು.

ಅವಳು ತೆಗೆದು ನೋಡಿದಳು. ಪರದೆಯ ಮೇಲೆ 'ಯಶು'.

'ಸಂಡೂರಿಗೆ ಬಂದೆ. ನಿನ್ನ ರೂಮಿಗೆ ಬೀಗ ಇದೆ. ಡ್ಯೂಟಿಗೆ ಹೋಗಿದ್ದೀಯಾ? ಎಷ್ಟೊತ್ತಾದರೂ ಕಾಯ್ತೀನಿ. ಇನ್ನು ನಮ್ಮ ನಡುವೆ ಯಾರೂ ಇಲ್ಲ.'

ಮುರುಗೇಶ್ ಇಣುಕಿ ಓದಿದ.

"ಹುಲುಗೇಶ್!" ಚಂದ್ರಕಲಾ ಕೂಗಿದಳು. ಅವನು ಓಡಿ ಬಂದ. "ಸಂಡೂರು ಠಾಣೆಗೆ ಫೋನ್ ಹಚ್ಚು. ಸಾಗರನ ರೂಮಿನ ಮುಂದ ಒಂದು ಹುಡುಗಿ ಕುಂತಾಳ. ಮಫ್ತಿಯೊಳಗ ಹೋಗಲಿ, ದೂರ ನಿಲ್ಲಲಿ. ಹಿಡಿಯೋದು ಬ್ಯಾಡ. ಹೊಳಿ ದಂಡಿಗೂ ಮಂದಿ ಕಳ್ಸು, ಜಲ್ದಿ."

"ಹಿಡಿಯೋದು ಬ್ಯಾಡೇನ್ರಿ?"

"ಹಿಡಿದ್ರ ಬಾಯಿ ಮುಚ್ಕೊಂತಾಳ. ಯಶೋಧರಾ ಎಲ್ಲಿ ಅಂತ ಗೊತ್ತಿರೋದು ಆಕಿಗೊಬ್ಬಕಿಗೆ. ಪೊಲೀಸರಿಗೆ ಹೇಳಂಗಿಲ್ಲ. ಸಾಗರಗ ಹೇಳ್ಯಾಳು."

ಅವಳು ಫೋನಿನ ಮೇಲೆ ಬೆರಳಿಟ್ಟಳು. ಉಳಿದದ್ದು ಒಂದೇ ದಾರಿ. ತಾನೂ ನಡುವೆ ಕೂರಬೇಕು. ಪ್ರೀತಿಸುವ ಗಂಡಸಿನ ಮಾತನ್ನು, ಅದನ್ನೇ ಉಸಿರಾಡಿ ಬದುಕುತ್ತಿರುವ ಹೆಣ್ಣಿಗೆ ಬರೆಯಬೇಕು. ಒಂದು ಪದ ತಪ್ಪಿದರೆ ಯಶೋಧರಾ ಶಾಶ್ವತವಾಗಿ ಕೈತಪ್ಪಬಹುದು. ಸಾಗರ ಹೇಗೆ ಶುರುಮಾಡುತ್ತಿದ್ದ ಎಂದು ನೋಡಲು ಹಳೆಯ ಮೆಸೇಜುಗಳನ್ನು ಸರಿಸಿದಳು. ಪ್ರತಿಯೊಂದೂ ಒಂದೇ ಹೆಸರಿನಿಂದ ಶುರುವಾಗುತ್ತಿತ್ತು.

ಹಾಗೆಯೇ ಬರೆದಳು. 'ಯಶು, ಅಲ್ಲೇ ಇರು. ಬರ್ತಿದ್ದೀನಿ. ಊಟ ಮಾಡಿದ್ಯಾ?'

ಆ ಕಡೆ ಗಂಗಾ ಓದಿದ ಗುರುತು ಬಿತ್ತು. ಬರೆಯತೊಡಗಿದಳು. ನಿಲ್ಲಿಸಿದಳು. ಮತ್ತೆ ಬರೆಯತೊಡಗಿದಳು. ಗೋಡೌನಿನಲ್ಲಿ ಮೂವರೂ ಪರದೆಯ ಮೇಲೆ ಬಾಗಿದ್ದರು.

ಉತ್ತರ ಬಂತು.

'ಯಶು ಅಂತ ಕರೆಯಬೇಡ. ಇನ್ನು ಆ ಹೆಸರಿಗೆ ಓಗೊಡುವವರು ಯಾರೂ ಇಲ್ಲ.'